ಅಪ್‌ಡೇಟ್: ಡಸ್ಟರ್‌ಗೆ ಎಟಿ ಟೈರ್ ಹಾಕಿಸಿದ್ದೇನೆ

ಬೆಂಗಳೂರಿನ ನಿತ್ಯದ ಓಡಾಟಕ್ಕೂ ಮಳೆಗಾಲದಲ್ಲಿ ಸಕಲೇಶಪುರದ ತೋಟದ ಮಣ್ಣುದಾರಿಗೂ ಹೊಂದುವಂತೆ ನಮ್ಮ ರೆನೋ ಡಸ್ಟರ್ ಕಾರಿಗೆ ಹೆದ್ದಾರಿಯ ಎಚ್‌ಟಿ ಟೈರ್ ಸೂಕ್ತವೋ, ಎರಡೂ ಬಗೆಯ ದಾರಿಗೆ ಒದಗುವ ಎಟಿ ಸೂಕ್ತವೋ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮೂಲ ಅಳತೆಯಾದ 215/65 ಆರ್16ರಲ್ಲೇ ಯೊಕೊಹಾಮಾ ಜಿಯೊಲ್ಯಾಂಡರ್ ಎಟಿ ಹಾಕಿಸಿದ್ದೇನೆ.

ಇನ್ನೂ ದೊಡ್ಡ ಟೈರ್ ಹಾಕಿಸಿಕೊಳ್ಳಿ ಎಂಬ ಅಂಗಡಿಯವರ ಸಲಹೆಯನ್ನು ಒಪ್ಪಲಿಲ್ಲ. ಹೊರವ್ಯಾಸ ಬದಲಾದರೆ ಸ್ಪೀಡೋಮೀಟರ್ ತೋರಿಸುವ ವೇಗ ತಪ್ಪುತ್ತದೆ, ತೂಕ ಹೆಚ್ಚಿದಷ್ಟೂ ಸಸ್ಪೆನ್ಷನ್ ಮೇಲೆ ಹೊರೆ ಬೀಳುತ್ತದೆ. ಲೋಡ್ ಇಂಡೆಕ್ಸ್ 98, ಅಂದರೆ ಒಂದು ಟೈರ್ 750 ಕೆ.ಜಿ. ಹೊರಬಲ್ಲದು ಎಂಬುದನ್ನೂ, ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯಿಂದ ಅದು ತಯಾರಾದ ವಾರ ಮತ್ತು ವರ್ಷವನ್ನೂ ಹಣ ಕೊಡುವ ಮೊದಲೇ ಖಚಿತಪಡಿಸಿಕೊಂಡೆ.

ಗಾಡಿ ಫ್ರಂಟ್ ವೀಲ್ ಡ್ರೈವ್ (ಎಂಜಿನ್ ಬಲ ಮುಂದಿನ ಚಕ್ರಗಳಿಗಷ್ಟೇ ಸಿಗುವಂಥದ್ದು) ಆಗಿದ್ದರೂ ತೋಟದ ಕೆಸರಿನ ಏರಿನಲ್ಲಿ ಹಿಡಿತ ಎದ್ದುಕಾಣುವಷ್ಟು ಸುಧಾರಿಸಿದೆ. ನನಗೆ ಬೇಕಾಗಿದ್ದುದೂ ಅದೇ. ಹೆದ್ದಾರಿಯ ವೇಗದಲ್ಲಿ ಸದ್ದು ಹೆಚ್ಚಾಗಿದೆ, ಮೈಲೇಜ್ ತುಸು ಇಳಿದಿದೆ. ಒದ್ದೆ ರಸ್ತೆಯಲ್ಲಿ ಎಟಿ ಟೈರ್‌ಗಳು ಸಾಮಾನ್ಯವಾಗಿ ಎಚ್‌ಟಿಗಿಂತ ನಿಧಾನವಾಗಿ ನಿಲ್ಲುವುದರಿಂದ, ಶಿರಾಡಿ ಘಾಟಿಯ ತಿರುವುಗಳಲ್ಲಿ ಮುಂದಿನ ವಾಹನದಿಂದ ಹೆಚ್ಚು ಅಂತರ ಇಟ್ಟುಕೊಳ್ಳುತ್ತೇನೆ. ಮಣ್ಣುದಾರಿಯ ಅಗತ್ಯವೇ ಇಲ್ಲದವರಿಗೆ ಎಚ್‌ಟಿಯನ್ನೇ ಶಿಫಾರಸು ಮಾಡುತ್ತೇನೆ. ಸ್ಟೆಪ್ನಿಯನ್ನು ಇನ್ನೂ ಬದಲಿಸಿಲ್ಲ. ಮುಂದಿನ ವೀಲ್ ಅಲೈನ್‌ಮೆಂಟ್ ವೇಳೆಗೆ ಅದಕ್ಕೂ ಇದೇ ಟೈರ್ ಹಾಕಿಸುತ್ತೇನೆ.