ಪ್ಲಾನ್ ಮಾಡೋದ್ರಲ್ಲಿ ನಾನು ಎಕ್ಸ್‌ಪರ್ಟು, ನಾಲ್ಕನೇ ದಿನಕ್ಕೆ ಎಲ್ಲಾ ಠುಸ್! ಏನ್ ಮಾಡ್ಲಿ?

ನಿದ್ದೆಗೇಡಿ:
ಎಲ್ರಿಗೂ ನಮಸ್ಕಾರ. ನನ್ ಸಮಸ್ಯೆ ಏನಪ್ಪಾ ಅಂದ್ರೆ, ರಾತ್ರಿ ಲೇಟಾಗಿ ಮಲಗ್ತೀನಿ, ಬೆಳಿಗ್ಗೆ ಅಲಾರಾಂ ಐದು ಸಲ ಹೊಡ್ಕೊಂಡ್ರೂ ಏಳಲ್ಲ, ಕೆಲಸಕ್ಕೆ ಲೇಟು, ಇಡೀ ದಿನ ತೂಕಡಿಕೆ, ರಾತ್ರಿ ಆದ್ರೆ ಮತ್ತೆ ಮೊಬೈಲ್ ಹಿಡ್ಕೊಂಡು ಬಿದ್ಕೊಂಡ್ರೆ ಒಂದು ಗಂಟೆ ಎರಡು ಗಂಟೆ. ಎರಡು ವರ್ಷದಿಂದ ಇದೇ ಗೋಳು. ಪ್ಲಾನ್ ಮಾಡಿಲ್ಲ ಅಂತಲ್ಲ. ನೋಟ್‌ಬುಕ್ಕಲ್ಲಿ ಸ್ಕೇಲ್ ಇಟ್ಟು ಗೆರೆ ಎಳ್ದು, ಮೂರು ಕಲರ್ ಪೆನ್ನಲ್ಲಿ ಬರ್ದಿದೀನಿ, 5ಕ್ಕೆ ಏಳೋದು, 5.15ಕ್ಕೆ ವಾಕಿಂಗ್, 6ಕ್ಕೆ ಓದು, 7ಕ್ಕೆ ಇನ್ನೇನೋ. ಮೂರು ದಿನ ಟಿಕ್ ಮಾರ್ಕ್ ಇರುತ್ತೆ, ಅಲ್ಲಿಂದಾಚೆ ಪುಟ ಖಾಲಿ. ಇಂಥ ನೋಟ್‌ಬುಕ್ ಆರು ಇದೆ, ನಮ್ ತಂಗಿ ಅದನ್ನ ಮ್ಯೂಸಿಯಂ ಅಂತಾಳೆ. ಕೈಗೂಡೋ ಅಂಥ ಪ್ಲಾನ್ ಮಾಡೋದು ಹೇಗೆ ಅಂತ ಗೊತ್ತಿರೋರು ಹೇಳಿ ಪ್ಲೀಸ್.

ಹಳೇ ಪಾಪಿ:
ಬೇಜಾರ್ ಮಾಡ್ಕೋಬೇಡಿ ಗುರುವೇ, ನೀವ್ ಬರ್ದಿರೋದು ಪ್ಲಾನ್ ಅಲ್ಲ, ಟೈಮ್‌ಟೇಬಲ್ಲು. ನೀವೇ ಬರ್ದಿದ್ದನ್ನ ಇನ್ನೊಂದ್ ಸಲ ಓದ್ಕೊಳ್ಳಿ, ಎಡವಟ್ಟಾಗ್ತಿರೋದು ರಾತ್ರಿ, ಪ್ಲಾನ್ ಇರೋದೆಲ್ಲ ಬೆಳಗಿಂದು! ಕಳ್ಳ ಹಿತ್ತಿಲ ಬಾಗಿಲಿಂದ ಬರ್ತಿದಾನೆ, ನೀವು ಮುಂಬಾಗಿಲಿಗೆ ಮೂರು ಬೀಗ ಜಡಿತಿದೀರ.
ಮೊದಲು ಒಂದು ವಾರ ಏನೂ ಬದಲಾಯಿಸ್ಬೇಡಿ. ಬರೀ ಬರ್ದಿಡಿ, ಮೊಬೈಲ್ ಎಷ್ಟೊತ್ತಿಗೆ ಕೈಗೆ ಬಂತು, ಯಾಕೆ ಬಂತು, ಎಷ್ಟೊತ್ತಿಗೆ ಬಿಟ್ರಿ. 1971ರಲ್ಲೇ ಡಿಜುರಿಲ್ಲಾ, ಗೋಲ್ಡ್‌ಫ್ರೀಡ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಇದಕ್ಕೊಂದು ಕ್ರಮ ಹಾಕಿಕೊಟ್ಟಿದಾರೆ, ಸಮಸ್ಯೆ ಏನು ಅಂತ ಸರಿಯಾಗಿ ಗುರುತಿಸು, ಹುಚ್ಚುಚ್ಚಾಗಿದ್ರೂ ಪರ್ವಾಗಿಲ್ಲ ಐದಾರು ದಾರಿ ಯೋಚ್ನೆ ಮಾಡು, ಒಂದನ್ನ ಆರಿಸ್ಕೋ, ಮಾಡಿ ನೋಡು, ಅದು ಕೆಲಸ ಮಾಡ್ತೋ ಇಲ್ವೋ ಅಂತ ಚೆಕ್ ಮಾಡು. ನಾವೆಲ್ಲ ಮೊದಲೆರಡನ್ನ ಹಾರಿಸಿ ಸೀದಾ ಕಲರ್ ಪೆನ್ ತಗೋತೀವಿ.

ಅಡ್ಡಬಾಯಿ:
ಅಲಾರಾಂ ಪಕ್ಕದ ರೂಮಲ್ಲಿಡಿ ಸಾಕು, ಇದಕ್ಕೆಲ್ಲ ಇಷ್ಟುದ್ದ ಭಾಷಣ ಬೇಕಾ

ನಿದ್ದೆಗೇಡಿ:
ಇಟ್ಟಿದ್ದೆ ಸಾರ್. ಎದ್ದು ಹೋಗಿ ಆಫ್ ಮಾಡಿ ಅಲ್ಲೇ ಸೋಫಾ ಮೇಲೆ ಮಲಗಿದೆ.

ಸಾಲುಮಾತು:
😄 ನಾನು ಎರಡು ವಿಷಯ ಸೇರಿಸ್ತೀನಿ. ಪೀಟರ್ ಗೋಲ್ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞ 1999ರ ಲೇಖನದಲ್ಲಿ ಹೇಳಿರೋ ಉಪಾಯ ತುಂಬಾ ಸಿಂಪಲ್ಲು, "ಬೇಗ ಮಲಗ್ತೀನಿ" ಅಂತ ಬರೀಬೇಡಿ, "ಇಂಥದ್ದು ಆದ ತಕ್ಷಣ ಇಂಥದ್ದು ಮಾಡ್ತೀನಿ" ಅಂತ ಬರೀರಿ. ಹಲ್ಲುಜ್ಜಿದ ತಕ್ಷಣ ಮೊಬೈಲನ್ನ ಹಾಲ್‌ನಲ್ಲಿ ಚಾರ್ಜಿಗೆ ಹಾಕ್ತೀನಿ, ಈ ಥರ. ಆಗ ಆ ಹೊತ್ತಲ್ಲಿ ಕೂತು ಯೋಚ್ನೆ ಮಾಡೋ ಗೋಜೇ ಇರಲ್ಲ.
ಇನ್ನೊಂದು, ಪ್ಲಾನ್ ಮಾಡುವಾಗ ನಾವೆಲ್ಲ ಶೂರರೇ. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಥೀಸಿಸ್ ಯಾವಾಗ ಮುಗಿಯುತ್ತೆ ಅಂತ ಕೇಳಿದ್ರೆ ಸರಾಸರಿ 34 ದಿನ ಅಂದ್ರಂತೆ, ಹಿಡಿದಿದ್ದು 55 ದಿನ. ಹಾಗಾಗಿ ಎರಡಕ್ಕೆ ಮಲಗೋರು ಹತ್ತಕ್ಕೆ ಅಂತ ಬರೀಬೇಡಿ, ಒಂದೂವರೆ ಅಂತ ಬರೀರಿ. ಮತ್ತೆ 21 ದಿನ ಮಾಡಿದ್ರೆ ಅಭ್ಯಾಸ ಆಗ್ಬಿಡುತ್ತೆ ಅನ್ನೋ ಕಥೆ ನಂಬ್ಬೇಡಿ, ಲಂಡನ್ನಲ್ಲಿ 96 ಜನರನ್ನ ಇಟ್ಕೊಂಡು ನೋಡಿದಾಗ ಅಭ್ಯಾಸ ಮೈಗೂಡೋಕೆ ಕೆಲವರಿಗೆ 18 ದಿನ, ಕೆಲವರಿಗೆ 254 ದಿನದ ಲೆಕ್ಕ ಬಂತು. ಅದ್ರಲ್ಲೇ ಇನ್ನೊಂದು ವಿಷಯ ಗೊತ್ತಾಯ್ತು, ಮಧ್ಯೆ ಒಂದು ದಿನ ತಪ್ಪಿದ್ರೆ ಅಂಥಾ ನಷ್ಟ ಏನಿಲ್ಲ. ನಿಮ್ ನೋಟ್‌ಬುಕ್ ನಾಲ್ಕನೇ ದಿನಕ್ಕೆ ಸಾಯ್ತಿರೋದು ನೀವು ಒಂದು ಖಾಲಿ ಚೌಕ ನೋಡಿ ಮುನಿಸ್ಕೊಳ್ಳೋದ್ರಿಂದ ಅಂತ ನನ್ ಗುಮಾನಿ.

ಕಾಫಿ ಇಲ್ಲದ ಬೆಳಗು:
ಏಳೋ ಟೈಮ್ ಒಂದೇ ಇರ್ಲಿ, ರಜಾ ದಿನಾನೂ. ಹಾಸಿಗೆಗೆ ಹೋಗಿ 20 ನಿಮಿಷ ಆದ್ರೂ ನಿದ್ದೆ ಬರ್ಲಿಲ್ಲಾಂದ್ರೆ ಎದ್ದು ಆಚೆ ಕೂತ್ಕೊಳ್ಳಿ. ಏಳೆಂಟು ಗಂಟೆ ಮಲಗಿದ್ಮೇಲೂ ತೂಕಡಿಕೆ, ಜೋರು ಗೊರಕೆ ಇದ್ರೆ ಪ್ಲಾನ್ ಪಕ್ಕಕ್ಕಿಟ್ಟು ಡಾಕ್ಟ್ರಿಗೆ ತೋರ್ಸಿ.

ನಿದ್ದೆಗೇಡಿ:
ಎರಡು ವಾರ ಬಿಟ್ಟು ಬರೀತಿದೀನಿ, ಸಾರಿ. ಹಳೇ ಪಾಪಿ ಹೇಳ್ದಂಗೆ ಒಂದು ವಾರ ಬರೀ ಬರ್ದಿಟ್ಟೆ. ಏಳರಲ್ಲಿ ಐದು ರಾತ್ರಿ ಮೊಬೈಲ್ ಕೈಗೆತ್ತಿಕೊಂಡಿದ್ದೇ ಅಲಾರಾಂ ಇಡೋಕೆ! 11.10ಕ್ಕೆ ಅಲಾರಾಂ ಇಡೋಣ ಅಂತ ತಗೊಂಡೋನು 1.40ಕ್ಕೆ ಕೆಳಗಿಟ್ಟಿದೀನಿ, ಅದ್ರಲ್ಲೂ ಎರಡು ದಿನ ಅಲಾರಾಂ ಇಟ್ಟೇ ಇಲ್ಲ. ತಲೆ ಚಚ್ಕೊಂಡೆ. ಮೇಜಿನ ಮೇಲಿಡೋ ಸಾದಾ ಗಡಿಯಾರ ತಂದೆ, ಈಗ ಪ್ಲಾನ್ ಒಂದೇ ಸಾಲು, "ಹಲ್ಲುಜ್ಜಿದ ತಕ್ಷಣ ಗಡಿಯಾರಕ್ಕೆ ಅಲಾರಾಂ, ಮೊಬೈಲ್ ಹಾಲ್‌ಗೆ". ನಾಲ್ಕನೇ ದಿನ ಸರಿಯಾಗಿ ತಪ್ಪಿತು, ಐದನೇ ದಿನ ಮತ್ತೆ ಇಟ್ಟೆ. ಈಗ ಹನ್ನೆರಡೂವರೆ ಒಳಗೆ ಮಲಗ್ತಿದೀನಿ. ಒಂದೇ ತೊಂದ್ರೆ, ಆ ಗಡಿಯಾರ ರಾತ್ರಿಯೆಲ್ಲಾ ಟಿಕ್ ಟಿಕ್ ಅನ್ನುತ್ತೆ, ಅದಕ್ಕೇನಾದ್ರೂ ಉಪಾಯ ಇದ್ಯಾ?

ಅಡ್ಡಬಾಯಿ:
ಪಕ್ಕದ ರೂಮಲ್ಲಿಡಿ