ಕರುಳಿನ ಆಪರೇಷನ್ ಆದ ನಾಯಿ: ಬಟ್ಟಲು ಖಾಲಿ ಮಾಡಿದರೂ ಮೈ ಹಿಡಿಯುತ್ತಿಲ್ಲ

ಪ್ರಶ್ನೆ:
ನಾಲ್ಕು ವರ್ಷದ ಗಂಡು ನಾಯಿ, ಸಂತಾನಹರಣ ಆಗಿದೆ. ಕಾಲುಚೀಲ ನುಂಗಿ ಸಣ್ಣ ಕರುಳು ಕಟ್ಟಿಕೊಂಡಿತ್ತು. ಕೊಳೆತ ಭಾಗ ಕತ್ತರಿಸಿ ಜೋಡಿಸಿದ್ದಾರೆ. ಮೂರು ವಾರ ಆಯ್ತು, ಹೊಲಿಗೆ ಬಿಚ್ಚಿಯಾಗಿದೆ. 22 ಕೆ.ಜಿ. ಇದ್ದದ್ದು ಈಗ 18, ಪಕ್ಕೆಲುಬು ಎಣಿಸಬಹುದು. ದಿನಕ್ಕೆ 300 ಗ್ರಾಂ ಅನ್ನ, 150 ಗ್ರಾಂ ಬೇಯಿಸಿದ ಚಿಕನ್, ಎರಡು ಹೊತ್ತಿಗೆ ಹಂಚಿ ಕೊಡುತ್ತಿದ್ದೇನೆ. ತೂಕ ಬರಲಿ ಅಂತ ಎರಡು ಚಮಚ ಎಣ್ಣೆ ಸೇರಿಸಿದೆ, ಭೇದಿ ಹತ್ತಿತು. ಎಣ್ಣೆ ನಿಲ್ಲಿಸಿದರೂ ಮಲ ಇನ್ನೂ ಸಡಿಲ. ಏನು ಮಾಡಲಿ?

ಉತ್ತರ 1:
ಮೊದಲು ಲೆಕ್ಕ ಹಾಕಿ. 18 ಕೆ.ಜಿ. ನಾಯಿ ಸುಮ್ಮನೆ ಮಲಗಿದ್ದರೂ ಬೇಕಾಗುವ ಶಕ್ತಿ ಹೆಚ್ಚುಕಡಿಮೆ 30×18+70, ಅಂದರೆ 610 ಕ್ಯಾಲೊರಿ. ಎದ್ದು ಓಡಾಡುವ ನಾಯಿಗೆ ಅದರ 1.6 ಪಟ್ಟು, ಸುಮಾರು 980. ನೀವು ಕೊಡುತ್ತಿರುವ ಅನ್ನದಲ್ಲಿ 390, ಚಿಕನ್‌ನಲ್ಲಿ 250, ಒಟ್ಟು 640. ಅನ್ನ ನೀರು ಹೀರಿ ಉಬ್ಬಿರುತ್ತೆ, ಬಟ್ಟಲು ತುಂಬಿದ ಹಾಗೆ ಕಾಣುತ್ತೆ, ಅಷ್ಟೇ. ಅನ್ನ-ಚಿಕನ್ ನಾಲ್ಕೈದು ದಿನದ ಪಥ್ಯಕ್ಕೆ ಸರಿ. ವಾರಗಟ್ಟಲೆ ಅದೇ ಆದರೆ ಕ್ಯಾಲ್ಸಿಯಂ, ಸತು, ವಿಟಮಿನ್ ಎಲ್ಲ ಕೊರತೆ.

ಸುಲಭವಾಗಿ ಜೀರ್ಣವಾಗುವ, ಕೊಬ್ಬು ಮಿತವಾಗಿರುವ ಕರುಳಿನ ಪಥ್ಯದ ಡಾಗ್ ಫುಡ್ಡಿಗೆ 7-10 ದಿನದಲ್ಲಿ ನಿಧಾನಕ್ಕೆ ಬದಲಿಸಿ. ಗ್ರಾಂಗೆ 3.8 ಕ್ಯಾಲೊರಿ ಇರುವ ಒಣ ಆಹಾರವಾದರೆ 980ಕ್ಕೆ 258 ಗ್ರಾಂ ಸಾಕು. ಲೋಟದಲ್ಲಿ ಅಳೆಯಬೇಡಿ, ತಕ್ಕಡಿಯಲ್ಲಿ ತೂಗಿ. ಐದು ಸಲಕ್ಕೆ ಹಂಚಿ, ಒಂದೊಂದು ಸಲ 50 ಗ್ರಾಂ ಆಸುಪಾಸು, ಬಿಸಿನೀರು ಹಾಕಿ ನೆನೆಸಿ ಉಗುರು ಬೆಚ್ಚಗಿರುವಾಗ ಕೊಡಿ. ಆಹಾರ ಬದಲಿಸುವ ದಿನವೇ ಪ್ರಮಾಣವನ್ನೂ ಏರಿಸಬೇಡಿ; ಭೇದಿಯಾದರೆ ಯಾವುದರಿಂದ ಅಂತ ತಿಳಿಯೋದೇ ಇಲ್ಲ.

ಉತ್ತರ 2:
ಲೆಕ್ಕ ಸರಿ, ಆದರೆ ತಿಂದದ್ದು ಒಳಗೆ ಸೇರುತ್ತಿದೆಯೇ ಅನ್ನೋದೂ ಮುಖ್ಯ. ಆಪರೇಷನ್ ರಿಪೋರ್ಟಿನಲ್ಲಿ ಯಾವ ಭಾಗ, ಎಷ್ಟು ಉದ್ದ ತೆಗೆದಿದ್ದಾರೆ ನೋಡಿ. ಮಲ ಹೇಗಿದೆ?

ಪ್ರಶ್ನೆ ಕೇಳಿದವರು:
ಇಲಿಯಮ್‌ನ (ಸಣ್ಣ ಕರುಳಿನ ಕೊನೆಯ ಭಾಗ) ಕೊನೆಯ 40 ಸೆಂ.ಮೀ. ಅಂತಿದೆ. ಮಲ ಮಾಸಲು ಬಣ್ಣ, ಎತ್ತಿದರೆ ನೆಲದ ಮೇಲೆ ಜಿಡ್ಡು ಉಳಿಯುತ್ತೆ.

ಉತ್ತರ 2:
ಹಾಗಾದರೆ ಎಣ್ಣೆ ಯಾಕೆ ಒಗ್ಗಲಿಲ್ಲ ಅಂತ ಅರ್ಥವಾಯ್ತು. ಪಿತ್ತರಸದ ಆಮ್ಲಗಳನ್ನು ದೇಹ ವಾಪಸ್ ಹೀರಿಕೊಳ್ಳುವುದು, ಬಿ12 ಹೀರುವುದು, ಎರಡೂ ಮುಖ್ಯವಾಗಿ ಇಲಿಯಮ್‌ನಲ್ಲೇ. ಆಮ್ಲ ದೊಡ್ಡ ಕರುಳಿಗೆ ಜಾರಿದರೆ ಅದೇ ಭೇದಿ ತರಿಸುತ್ತೆ. ಅದು ಹೀಗೆ ನಷ್ಟವಾಗುತ್ತಾ ಹೋದರೆ ಕೊಬ್ಬೂ ಕರಗದೆ ಜಿಡ್ಡಾಗಿ ಹೊರಬರುತ್ತೆ. ಬಿ12 ಇಳಿದರೆ ಹಸಿವು ಕುಗ್ಗುತ್ತೆ, ಎಷ್ಟು ತಿನ್ನಿಸಿದರೂ ತೂಕ ಏರೋದಿಲ್ಲ.

ರಕ್ತದಲ್ಲಿ ಬಿ12, ಫೋಲೇಟ್, ಆಲ್ಬುಮಿನ್ ಪರೀಕ್ಷೆ ಕೇಳಿ. ಮೇದೋಜೀರಕದ ಕೆಲಸ ತಿಳಿಸುವ ಟಿಎಲ್‌ಐ ಅನ್ನೋ ರಕ್ತ ಪರೀಕ್ಷೆ ಕೂಡ ಮಾಡಿಸಿ. ಜಿಡ್ಡು ಮಲಕ್ಕೆ ಮೇದೋಜೀರಕದ ಕಿಣ್ವ ಕಡಿಮೆಯಾಗಿರುವುದೂ ಕಾರಣವಿರಬಹುದು. ಟಿಎಲ್‌ಐಗೆ ರಕ್ತ ಕೊಡುವ ಮೊದಲು ನಾಯಿ ಖಾಲಿ ಹೊಟ್ಟೆಯಲ್ಲಿರಬೇಕು. ಬಿ12 ಕಡಿಮೆ ಬಂದರೆ ಸಾಮಾನ್ಯವಾಗಿ ವಾರಕ್ಕೊಂದರಂತೆ ಆರು ವಾರ ಇಂಜೆಕ್ಷನ್, ತಿಂಗಳ ನಂತರ ಇನ್ನೊಂದು. ಪಿತ್ತದ ಭೇದಿಗೆ ಕೊಲೆಸ್ಟಿರಮಿನ್ ಪುಡಿ ಇದೆ, ಆದರೆ ಡಾಕ್ಟರ್ ಹೇಳದೆ ಬೇಡ, ಬೇರೆ ಔಷಧಿಗಳನ್ನೂ ಅದು ಹಿಡಿದಿಟ್ಟುಕೊಳ್ಳುತ್ತೆ. ಉಳಿದ ಕರುಳು ತಾನೇ ಹೊಂದಿಕೊಳ್ಳುತ್ತೆ, ವಾರಗಳಿಂದ ತಿಂಗಳುಗಳೇ ಹಿಡಿಯಬಹುದು. ಅದಕ್ಕೂ ಕರುಳಿನೊಳಗೆ ಆಹಾರ ಹಾಯುತ್ತಿರಬೇಕು, ಹಾಗಾಗಿ ಸಡಿಲವಾಯ್ತು ಅಂತ ಪೂರ್ತಿ ಉಪವಾಸ ಹಾಕಬೇಡಿ.

ಉತ್ತರ 3:
ತೂಕ ನೋಡುವುದು ವಾರಕ್ಕೊಮ್ಮೆ, ಬೆಳಿಗ್ಗೆ ತಿನ್ನುವ ಮೊದಲು, ಅದೇ ತಕ್ಕಡಿಯಲ್ಲಿ. ನಾಯಿಯನ್ನು ಎತ್ತಿಕೊಂಡು ನಿಂತು ನಿಮ್ಮ ತೂಕ ಕಳೆದರೂ ನಡೆಯುತ್ತೆ. ವಾರಕ್ಕೆ 200-350 ಗ್ರಾಂ ಏರಿದರೆ ಸಾಕು. ಏರದೆ ಮಲ ಗಟ್ಟಿಯಾಗಿದ್ದರೆ ಆಹಾರ ಶೇ 10 ಹೆಚ್ಚಿಸಿ. ಸಡಿಲವಿದ್ದರೆ ಹೆಚ್ಚಿಸಬೇಡಿ. ಪೀನಟ್ ಬಟರ್ ಕೊಡಿ ಅನ್ನುವವರು ಸಿಗುತ್ತಾರೆ: ಕೊಬ್ಬು ಜಾಸ್ತಿ, ಜೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಇದ್ದರೆ ನಾಯಿಗೆ ವಿಷ.

ಇನ್ನೊಂದು. ಜೋಡಣೆ ಬಿಟ್ಟು ಸೋರುವ ಭಯ ಹೆಚ್ಚಾಗಿ 3ರಿಂದ 5ನೇ ದಿನ, ಅದು ದಾಟಿದೆ. ಆದರೆ ಜೋಡಿಸಿದ ಜಾಗ ಗಾಯ ಮಾಯುತ್ತಾ ಕಿರಿದಾಗಬಹುದು. ತಿಂದು ಕೆಲವು ಗಂಟೆಯಾದ ಮೇಲೆ ಪದೇ ಪದೇ ವಾಂತಿ, ಹೊಟ್ಟೆ ಮುಟ್ಟಿದರೆ ಬಿಗಿ ಹಿಡಿಯುವುದು, ಮಲ ಕಡಿಮೆಯಾಗುವುದು ಕಂಡರೆ ಆಹಾರ ಬದಲಿಸುತ್ತಾ ಕೂರಬೇಡಿ, ಅದೇ ದಿನ ಸ್ಕ್ಯಾನಿಂಗ್ ಮಾಡಿಸಿ.