ಕಡಿದ ಬುಡದಿಂದ ಚಿಗುರುವ ಮರಕ್ಕೆ ‘ಕೂಳೆ’ ಅನ್ನಬಹುದೇ?

ಇಂಗ್ಲೆಂಡಿನ ಹಳೇ ಕಾಡುಗಳ ಹೂವು, ಪತಂಗಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ಬರವಣಿಗೆ ನಿಂತಿದೆ.

ಮುಖ್ಯವಾದದ್ದು ಕಾಪಿಸ್. ಹೇಝಲ್, ಆಶ್ ಮರಗಳನ್ನು ನೆಲಮಟ್ಟಕ್ಕೆ ಕಡಿಯುತ್ತಾರೆ, ಬೇರು ಕೀಳುವುದಿಲ್ಲ. ಬುಡದಿಂದ ಹತ್ತಾರು ಗಳಗಳು ನೆಟ್ಟಗೆ ಏಳುತ್ತವೆ, ಕೆಲವು ವರ್ಷ ಬಿಟ್ಟು ಮತ್ತೆ ಕಡಿಯುತ್ತಾರೆ. ಸಫೋಕ್‌ನ ಬ್ರಾಡ್‌ಫೀಲ್ಡ್ ಕಾಡಿನಲ್ಲಿ ಈ ಕೆಲಸ 1252ರಿಂದ ನಡೆದುಬಂದಿದೆ. ‘ಕುರುಚಲು ಕಾಡು’ ಅಂದರೆ ಕಡಿಯುವ ವಿಷಯವೇ ಬಿಟ್ಟುಹೋಗುತ್ತದೆ. ನನಗೆ ಹೊಳೆದದ್ದು ಕೂಳೆ. ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಬರುವ ಬೆಳೆಗೆ ಹಾಗೇ ಹೇಳುತ್ತೇವೆ, ಅಲ್ವಾ? ಆದರೆ ಕೂಳೆ ಕಬ್ಬು ಕೆಲವು ಕಟಾವಿಗೇ ಸೋಲುತ್ತದೆ, ಈ ಮರದ ಬುಡಗಳು ಕಡಿಸಿಕೊಂಡೇ ಶತಮಾನಗಟ್ಟಲೆ ಬಾಳುತ್ತವೆ. ಅಷ್ಟು ವ್ಯತ್ಯಾಸವನ್ನು ಪದ ತಡೆದುಕೊಳ್ಳುತ್ತದೆ ಅನ್ನಿಸುತ್ತದೆ.

ಕಡಿದಾಗ ನೆಲಕ್ಕೆ ಬಿಸಿಲು ಬೀಳುತ್ತದೆ. ಬ್ಲೂಬೆಲ್ ಜಾಸ್ತಿ ಹೂ ಬಿಡುತ್ತದೆ. ಹತ್ತಾರು ವರ್ಷ ಮಣ್ಣಿನಲ್ಲಿ ಮಲಗಿದ್ದ ವುಡ್ ಸ್ಪರ್ಜ್ ಬೀಜ ಮೊಳೆಯುತ್ತದೆ. ಹಸಿರು-ಹಳದಿ ಬಟ್ಟಲಿನಂಥ ಹೂವು, ಎಸಳೇ ಇಲ್ಲ, ಕಾಂಡ ಮುರಿದರೆ ಬಿಳಿ ಹಾಲು. ಡ್ರ್ಯಾಬ್ ಲೂಪರ್ ಅನ್ನುವ ಪತಂಗದ ಹುಳು ತಿನ್ನುವುದು ಇದನ್ನೇ. ಕಾಪಿಸ್ ಕೆಲಸ ನಿಂತ ಕಡೆ ನೆರಳು ಕವಿದು ಗಿಡ ಹೋಗುತ್ತದೆ, ಹಿಂದೆಯೇ ಪತಂಗವೂ.

ಈಗ ಗಿಡದ ಹೆಸರು. ಕುಲದ ಲೆಕ್ಕದಲ್ಲಿ ಅದು ನಮ್ಮ ಕಳ್ಳಿಯೇ, ಎರಡೂ ಯುಫೋರ್ಬಿಯಾ. ‘ಕಾಡುಗಳ್ಳಿ’ ಅಂದರೆ ಓದುವವರು ಬೇಲಿಯ ಮುಳ್ಳುಗಳ್ಳಿಯನ್ನು ನೆನೆಸಿಕೊಳ್ಳುತ್ತಾರೆ, ಆದರೆ ಇದಕ್ಕೆ ಮುಳ್ಳಿಲ್ಲ. ಎಲೆಗಳ್ಳಿ ಅನ್ನೋಣ ಅಂದರೆ ಆ ಹೆಸರಿನ ಗಿಡ ಆಗಲೇ ಇದೆ. ‘ಹಾಲುಗಳ್ಳಿ’ ಹೇಗೆ?

ಲೂಪರ್ ಅಂದರೆ ಬೆನ್ನು ಕೊಂಡಿಯ ಹಾಗೆ ಬಾಗಿಸಿ ನಡೆಯುವ ಹುಳು, ಅದಕ್ಕೆ ಕೊಂಡಿಹುಳು ಅಂತ ಇಟ್ಟುಕೊಂಡಿದ್ದೇನೆ. ಹರಳು ಗಿಡದ ಕೊಂಡಿಹುಳು ರೈತರಿಗೆ ಗೊತ್ತು, ಸುಮ್ನೆ ಹೊಸದು ಕಟ್ಟುವುದು ಯಾಕೆ? ಆದರೆ ರೆಕ್ಕೆ ಬಂದ ಮೇಲೆ ಏನನ್ನುವುದು? ‘ದೀಪದ ಹುಳು’, ‘ರಾತ್ರಿ ಚಿಟ್ಟೆ’ ಎರಡೂ ಇಲ್ಲಿ ಆಗುವುದಿಲ್ಲ, ಯಾಕೆಂದರೆ ಇದು ಬಿಸಿಲಿನಲ್ಲೇ ಹಾರುತ್ತದೆ. ಉಗುರಿನಷ್ಟು ಗಾತ್ರ, ಚುಕ್ಕೆ ಗೆರೆ ಏನೂ ಇಲ್ಲದ ಇಲಿಬಣ್ಣದ ರೆಕ್ಕೆ. ‘ಇಲಿಬಣ್ಣದ ಪತಂಗ’ ಅಂತ ಬರೆದಿದ್ದೇನೆ, ಓದುವಾಗ ಸ್ವಲ್ಪ ಎಡವುತ್ತದೆ.

ಇನ್ನು ಏನ್ಶಿಯಂಟ್ ವುಡ್‌ಲ್ಯಾಂಡ್. ಅಲ್ಲಿ ಇದಕ್ಕೊಂದು ಗೊತ್ತಾದ ಅರ್ಥವಿದೆ: 1600ರಿಂದ ಬಿಡದೆ ಕಾಡಾಗಿಯೇ ಇರುವ ಜಾಗ. ಮರಗಳು ಹತ್ತು ವರ್ಷದವೂ ಇರಬಹುದು, ಹಳೆಯದು ನೆಲ. ‘ಪುರಾತನ ಅರಣ್ಯ’ ಸರ್ಕಾರಿ ಬೋರ್ಡಿನ ಹಾಗೆ ಕೇಳುತ್ತದೆ. ಹಳೆಗನ್ನಡದ ಹಾಗೆ ‘ಹಳೆಗಾಡು’ ನನಗೆ ಹಿಡಿಸಿದೆ.

ನಿಮ್ಮ ಕಡೆ ನೀಲಗಿರಿ ಕಡಿದ ಮೇಲೆ ಬುಡದಿಂದ ಬರುವುದಕ್ಕೆ ಏನನ್ನುತ್ತಾರೆ? ಕೂಳೆ ಅಂತಲೇ ಹೇಳುವುದನ್ನು ಕೇಳಿದ್ದರೆ ಊರಿನ ಹೆಸರೂ ಬರೆಯಿರಿ.